ಆಕಾಶ್ ಟ್ಯಾಬ್ಲೆಟ್: ಬೆಲೆಯ ಗದ್ದಲದಲ್ಲಿ ಮರೆಯಾದ ಪರದೆ

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗೆಂದು ಸರ್ಕಾರ ಮಾಡಿಸಿದ ಅಗ್ಗದ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದಾಗ ದೇಶದ ಪತ್ರಿಕೆಗಳೆಲ್ಲ ಬೆಲೆಯನ್ನೇ ತಲೆಬರಹ ಮಾಡಿದವು. ಸರ್ಕಾರ ಒಂದೊಂದಕ್ಕೆ ಕೊಟ್ಟದ್ದು ₹2,200ರ ಆಸುಪಾಸು. ಸಬ್ಸಿಡಿ ಕಳೆದು ವಿದ್ಯಾರ್ಥಿಯ ಕೈಗೆ ಅದರ ಅರ್ಧ ಬೆಲೆಗೆ ಸಿಗಬೇಕು ಎಂಬುದು ಲೆಕ್ಕ. ಅದರ ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ 499 ಡಾಲರಿಗೆ ಮಾರಾಟಕ್ಕೆ ಬಂದ ಐಪ್ಯಾಡ್ ಜೊತೆ ಹೋಲಿಕೆ ಶುರುವಾಗದೆ ಇದ್ದೀತೇ? ಒಂದು ಕಡೆಯವರಿಗೆ ಅದು ಕ್ರಾಂತಿ, ಇನ್ನೊಂದು ಕಡೆಯವರಿಗೆ ಆಟಿಕೆ.

ಆಟಿಕೆ ಎಂದವರು ಮೊದಲು ತೋರಿಸುತ್ತಿದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರ್. ಐಪ್ಯಾಡಿನದು 1 ಗಿಗಾಹರ್ಟ್ಸ್, ಅಂದರೆ ಸುಮಾರು ಮೂರು ಪಟ್ಟು. ಆದರೆ ಮೆಮೊರಿಯ ವಿಷಯಕ್ಕೆ ಬಂದರೆ ಮೊದಲ ಐಪ್ಯಾಡಿನಲ್ಲೂ ಆಕಾಶ್‌ನಲ್ಲೂ ಇದ್ದದ್ದು 256 ಎಂಬಿ ರ‍್ಯಾಮ್. ಅದಲ್ಲದೆ ಆಕಾಶ್‌ನಲ್ಲಿ ವೀಡಿಯೊ ತೋರಿಸುವುದಕ್ಕೆಂದೇ ಬೇರೆ ಪ್ರೊಸೆಸರ್ ಇತ್ತು. ಐಐಟಿ ಪಾಠಗಳ ವೀಡಿಯೊ ನೋಡುವುದು, ಪುಸ್ತಕ ಓದುವುದು ಇದರ ಮುಖ್ಯ ಕೆಲಸವಾಗಿದ್ದರೆ ಮುಖ್ಯ ಪ್ರೊಸೆಸರ್ ನಿಧಾನವಾಗಿದ್ದರೂ ನಡೆಯುತ್ತಿತ್ತು. ಎರಡು ಯುಎಸ್‌ಬಿ ಕಿಂಡಿಗಳಿದ್ದವು, ಪೆನ್‌ಡ್ರೈವ್ ಸಿಕ್ಕಿಸಿ ಪಾಠ ಹಂಚಿಕೊಳ್ಳಬಹುದಿತ್ತು. ಇಂಟರ್ನೆಟ್ ಸರಿಯಾಗಿಲ್ಲದ ಊರಿನ ಕಾಲೇಜಿಗೆ ಇದು ಸಣ್ಣ ಅನುಕೂಲವಲ್ಲ. ಐಪ್ಯಾಡ್‌ಗೆ ಆ ಸೌಭಾಗ್ಯವಿರಲಿಲ್ಲ. ಹಾಗಾಗಿ ವೇಗದ ಬಗೆಗಿನ ಟೀಕೆ ಸ್ವಲ್ಪ ಅತಿಯಾಯಿತು ಎಂದೇ ನನ್ನ ಅನಿಸಿಕೆ.

ನಿಜವಾದ ಮಿತಿ ಬೆರಳಿಗೆ ಗೊತ್ತಾಗುತ್ತಿತ್ತು. ಆಕಾಶ್‌ನದು ರೆಸಿಸ್ಟಿವ್ ಸ್ಪರ್ಶಪರದೆ, ಮುಟ್ಟಿದರೆ ಸಾಲದು, ಒತ್ತಬೇಕು. ಅದರೊಳಗೆ ಎರಡು ಪಾರದರ್ಶಕ ಪದರಗಳು ಎದುರುಬದುರಾಗಿರುತ್ತವೆ. ಒಳಮೈಗೆ ಇಂಡಿಯಂ ಟಿನ್ ಆಕ್ಸೈಡ್ ಎಂಬ ವಿದ್ಯುತ್ ಹರಿಸುವ, ಆದರೆ ಕಣ್ಣಿಗೆ ಕಾಣದ ಲೇಪ. ಎರಡು ಹಾಳೆಗಳ ನಡುವೆ ಸಾಸಿವೆ ಚೆಲ್ಲಿದ ಹಾಗೆ ಸೂಕ್ಷ್ಮ ಚುಕ್ಕಿಗಳು ಅವನ್ನು ದೂರ ಇಟ್ಟಿರುತ್ತವೆ. ಬೆರಳು ಒತ್ತಿದಲ್ಲಿ ಮೇಲಿನದು ಬಾಗಿ ಕೆಳಗಿನದಕ್ಕೆ ತಾಗುತ್ತದೆ. ಈಗ ಕೆಳಗಿನ ಪದರದ ಎಡ ಅಂಚಿಗೆ ಸೊನ್ನೆ, ಬಲ ಅಂಚಿಗೆ 3 ವೋಲ್ಟ್ ಕೊಟ್ಟಿದ್ದೀರಿ ಎನ್ನಿ. ನಡುವೆ ವೋಲ್ಟೇಜ್ ಒಂದೇ ಸಮನೆ ಏರುತ್ತಾ ಹೋಗುತ್ತದೆ. ತಾಗಿದ ಜಾಗದಿಂದ ಮೇಲಿನ ಪದರಕ್ಕೆ 1.5 ವೋಲ್ಟ್ ಸಿಕ್ಕಿದರೆ ನೀವು ಒತ್ತಿದ್ದು ಸರಿಮಧ್ಯೆ. ಮರುಕ್ಷಣ ಪದರಗಳು ಕೆಲಸ ಅದಲುಬದಲು ಮಾಡಿಕೊಂಡು ಮೇಲೆ–ಕೆಳಗಿನ ಅಳತೆಯನ್ನೂ ತೆಗೆಯುತ್ತವೆ. ಅಷ್ಟೇ. ಅಗ್ಗ, ಸರಳ, ಪೆನ್ನಿನ ತುದಿ, ಉಗುರು, ಕೈಗವಸು ಯಾವುದಕ್ಕೂ ಬೇಡ ಎನ್ನುವುದಿಲ್ಲ.

ಆದರೆ ಎರಡು ಬೆರಳು ಒಟ್ಟಿಗೆ ಒತ್ತಿದರೆ ಸಾಮಾನ್ಯ ರೆಸಿಸ್ಟಿವ್ ಪರದೆಗೆ ಎರಡರ ನಡುವಿನ ಯಾವುದೋ ಒಂದು ಜಾಗ ಕಾಣುತ್ತದೆ. ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡುವ ಆಟ ಅಲ್ಲಿಗೆ ಮುಗಿಯಿತು. ಬೆಳಕು ಹೆಚ್ಚುವರಿ ಪದರಗಳನ್ನು ದಾಟಿ ಬರುವಾಗ ಸುಮಾರು ಐದನೇ ಒಂದರಷ್ಟು ಸೋರಿಹೋಗುತ್ತದೆ, ಆದ್ದರಿಂದ ಹಿಂಬದಿಯ ದೀಪವನ್ನು ಜೋರು ಮಾಡಬೇಕು. ಅದು ಮೊದಲೇ ಚಿಕ್ಕದಾದ 2,100 ಎಂಎಎಚ್ ಬ್ಯಾಟರಿಯನ್ನು ಇನ್ನಷ್ಟು ಬೇಗ ಹೀರುತ್ತದೆ.

ಐಪ್ಯಾಡಿನ ಕೆಪಾಸಿಟಿವ್ ಪರದೆಗೆ ಒತ್ತಡವೇ ಬೇಡ. ಗಾಜಿನಡಿಯ ಎಲೆಕ್ಟ್ರೋಡ್ ಜಾಲರಿಯ ವಿದ್ಯುತ್ ಕ್ಷೇತ್ರ ನಮ್ಮ ಬೆರಳು ಬಳಿಸಾರಿದಾಗ ಬದಲಾಗುತ್ತದೆ. ಜಾಲರಿಯ ಪ್ರತಿ ಸಂಧಿಯನ್ನೂ ಬೇರೆಬೇರೆಯಾಗಿ ಅಳೆಯುವುದರಿಂದ ಎಷ್ಟು ಬೆರಳಿದ್ದರೂ ಗುರುತು ಸಿಗುತ್ತದೆ. ಇದು ಹೊಸದು, ಅದು ಹಳೆಯದು ಎಂದು ಅನೇಕರು ತಿಳಿದಿದ್ದರು. ಇತಿಹಾಸ ತಿರುಗಾಮುರುಗಾ: ಬ್ರಿಟನ್ನಿನ ರಾಡಾರ್ ಸಂಶೋಧನಾ ಸಂಸ್ಥೆಯಲ್ಲಿ ಇ. ಎ. ಜಾನ್ಸನ್ ಕೆಪಾಸಿಟಿವ್ ಸ್ಪರ್ಶಪರದೆಯ ಬಗ್ಗೆ ಬರೆದದ್ದು 1965ರಲ್ಲಿ. ಅಮೆರಿಕದಲ್ಲಿ ಸ್ಯಾಮ್ ಹರ್ಸ್ಟ್ ತಂಡ ರೆಸಿಸ್ಟಿವ್ ಪರದೆ ರೂಪಿಸಿದ್ದು 1970ರ ದಶಕದಲ್ಲಿ.

ಇಷ್ಟು ಬೆಲೆಯೊಳಗೆ ಇದಕ್ಕಿಂತ ಒಳ್ಳೆಯ ಪರದೆ ಹಾಕಲು ಆಗ ಕಷ್ಟವಿತ್ತು, ಒಪ್ಪೋಣ. ನನಗೆ ಒಪ್ಪಲಾಗದ ಕೊರತೆ ಬೇರೆ. ಆ ದಿನಗಳ ವಾದವಿವಾದದಲ್ಲಿ ಅದರ ಹೆಸರು ಅಷ್ಟಾಗಿ ಕೇಳಿಬರಲಿಲ್ಲ. ಆಕಾಶ್‌ನಲ್ಲಿದ್ದದ್ದು ಆಂಡ್ರಾಯ್ಡ್ 2.2, ಮತ್ತು ಆ ಆವೃತ್ತಿಗೆ ತಾನಾಗಿ ಕನ್ನಡ ಬರುತ್ತಿರಲಿಲ್ಲ.

ಫಾಂಟ್ ಒಂದನ್ನು ತುರುಕಿದರೆ ಮುಗಿಯುವ ಕೆಲಸ ಇದಲ್ಲ. 'ಕರ್ನಾಟಕ' ಎಂಬ ಪದವನ್ನೇ ನೋಡಿ. ಗಣಕಗಳು ಅಕ್ಷರ ಗುರುತಿಸಲು ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ಅದು ಏಳು ಸಂಕೇತಗಳು: ಕ, ರ, ಸ್ವರ ತೆಗೆಯುವ ಚಿಹ್ನೆ, ನ, ದೀರ್ಘ, ಟ, ಕ. ಕಡತದಲ್ಲಿ 'ರ' ಮೊದಲು, 'ನ' ಆಮೇಲೆ. ಬರೆಯುವಾಗ ಮಾತ್ರ 'ನಾ' ಮೊದಲು ಬಂದು ಅರ್ಕಾವತ್ತು ಅದರ ಹಿಂದೆ ಕೂರುತ್ತದೆ. ಹೀಗೆ ಸಂಕೇತಗಳನ್ನು ಹಿಂದುಮುಂದು ಮಾಡಿ, ಒತ್ತಕ್ಷರವನ್ನು ಕೆಳಗಿಳಿಸಿ, ಗುಣಿತವನ್ನು ವ್ಯಂಜನಕ್ಕೆ ಅಂಟಿಸಿ ಪರದೆಗೆ ಕೊಡಲು ಪ್ರತ್ಯೇಕ ತಂತ್ರಾಂಶವೇ ಬೇಕು. ಅದಿಲ್ಲದಿದ್ದರೆ ಫಾಂಟ್ ಇದ್ದರೂ ಅಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡುತ್ತವೆ, ಫಾಂಟೂ ಇಲ್ಲದಿದ್ದರೆ ಸಾಲು ಸಾಲು ಖಾಲಿ ಚೌಕ. ಆ ಕಾಲದ ಮೊಬೈಲಿನಲ್ಲಿ ಕನ್ನಡ ಓದುತ್ತಿದ್ದವರಿಗೆ ಒಪೆರಾ ಮಿನಿ ಬ್ರೌಸರಿನ ಉಪಾಯ ನೆನಪಿರಬಹುದು: ಸೆಟ್ಟಿಂಗ್ ಒಂದನ್ನು ಬದಲಿಸಿದರೆ ದೂರದ ಸರ್ವರ್ ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಓದಲು ಬರುತ್ತಿತ್ತು, ಡೇಟಾ ಮಾತ್ರ ಕರಗುತ್ತಿತ್ತು.

ಈ ಕೊರತೆಗೆ ಬೆಲೆಯ ಸಬೂಬು ಹೇಳುವ ಹಾಗಿಲ್ಲ. ಲಿನಕ್ಸ್ ಗಣಕಗಳು ಅಷ್ಟರಲ್ಲೇ ಕನ್ನಡವನ್ನು ನೆಟ್ಟಗೆ ತೋರಿಸುತ್ತಿದ್ದವು. ಅದಕ್ಕೆ ಬೇಕಾದ ತಂತ್ರಾಂಶವೂ ಫಾಂಟುಗಳೂ ಬಿಟ್ಟಿಯಾಗಿ, ಮುಕ್ತವಾಗಿ ಸಿಗುತ್ತಿದ್ದವು. ಆಂಡ್ರಾಯ್ಡ್‌ನ ಮೂಲ ಸಂಕೇತವೂ ಮುಕ್ತ. ಬೇಕಾಗಿದ್ದದ್ದು ಕೆಲವು ಎಂಜಿನಿಯರುಗಳ ಶ್ರಮ, ಮತ್ತು ಟೆಂಡರಿನಲ್ಲಿ ಒಂದು ಸಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ಹತ್ತು ವರ್ಷ ಮೊದಲೇ ಸಿಂಪ್ಯೂಟರ್ ಎಂಬ ಅಂಗೈ ಗಣಕ ಕಟ್ಟಿದ್ದರು. ಅದರ ಪ್ರೊಸೆಸರ್ ಬರೀ 206 ಮೆಗಾಹರ್ಟ್ಸ್, ಆದರೂ ಓದು ಬಾರದವರಿಗಾಗಿ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ವ್ಯವಸ್ಥೆಯನ್ನು ಅದಕ್ಕೆಂದು ರೂಪಿಸಿದ್ದರು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಸೋತಿತು, ಅದು ಬೇರೆ ಕಥೆ.

ಆಮೇಲೆ ಟ್ಯಾಬ್ಲೆಟ್ ಪರೀಕ್ಷೆಯ ಮಾನದಂಡಗಳ ಬಗ್ಗೆ, ಯೋಜನೆಯ ಹೊಣೆ ಹೊತ್ತಿದ್ದ ಐಐಟಿ ರಾಜಸ್ಥಾನಕ್ಕೂ ತಯಾರಕ ಕಂಪನಿ ಡೇಟಾವಿಂಡ್‌ಗೂ ಜಟಾಪಟಿಯಾಗಿ ಯೋಜನೆ ಐಐಟಿ ಬಾಂಬೆಯ ಪಾಲಾಯಿತು. 2012ರ ನವೆಂಬರಿನಲ್ಲಿ ಬಂದ ಆಕಾಶ್–2 ಟೀಕಾಕಾರರ ಪಟ್ಟಿಯನ್ನು ಎದುರಿಗಿಟ್ಟುಕೊಂಡು ತಯಾರಿಸಿದಂತಿತ್ತು: ಕೆಪಾಸಿಟಿವ್ ಪರದೆ, 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ಮೆಮೊರಿ. ಅದರೊಳಗಿದ್ದದ್ದು ಆಂಡ್ರಾಯ್ಡ್ 4.0. ಗೂಗಲ್ ಕನ್ನಡವನ್ನು ಆಂಡ್ರಾಯ್ಡ್‌ಗೆ ಸೇರಿಸಿದ್ದು ಅದರ ಮುಂದಿನ ಆವೃತ್ತಿ 4.1ರಲ್ಲಿ, ಆಕಾಶ್–2 ಬರುವುದಕ್ಕೆ ಕೆಲವೇ ತಿಂಗಳು ಮೊದಲು.