ಇಂಜಿನ್ ಕಟ್ಟುವವರು ಒಬ್ಬರು, ಕೂರಿಸುವವರು ಇನ್ನೊಬ್ಬರು ಆದರೆ?

"ಇಂಜಿನ್ ಹೋಯ್ತು, ಬೇರೆ ಹಾಕಿಸಬೇಕು" ಅಂತ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ರೇಟ್ ಇರುತ್ತವೆ. ಕಟ್ಟಿದ ಇಂಜಿನ್, ಅಂದರೆ ಬಿಚ್ಚಿ ಸವೆದ ಭಾಗ ಸರಿಮಾಡಿ ಮತ್ತೆ ಜೋಡಿಸಿದ್ದು, ಒಂದು ಕಡೆ ಕಡಿಮೆಗೆ ಸಿಗುತ್ತದೆ, ಕೂರಿಸುವ ಕೆಲಸ ಇನ್ನೊಂದು ಕಡೆ ಕಡಿಮೆಗೆ ಆಗುತ್ತದೆ. ಹೀಗೆ ಮಾಡಿಸಿದರೆ ಒಳ್ಳೆ ಉಳಿತಾಯ ಅಲ್ವಾ ಅಂತ ಕೇಳುತ್ತಾರೆ. ಕಾಗದದ ಮೇಲೆ ಹೌದು. ಆದರೆ ನಾನು ತಿರುಗಿ ಕೇಳುವುದು ಒಂದೇ: ಮೂರು ತಿಂಗಳ ನಂತರ ಒಳಗಿಂದ ಟಕಟಕ ಸದ್ದು ಬಂದರೆ ಇಬ್ಬರಲ್ಲಿ ಯಾರ ಹತ್ತಿರ ಹೋಗ್ತೀರಿ?

ಇಂಥದ್ದೇ ಒಂದು ಡೀಸೆಲ್ ಕಾರು ನಮ್ಮ ಗ್ಯಾರೇಜಿಗೆ ಬಂದಿತ್ತು. ಇಂಜಿನ್ ಕಟ್ಟಿದ್ದು ಒಬ್ಬರು, ಕೂರಿಸಿದ್ದು ಮತ್ತೊಬ್ಬರು. ಇಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್ ಬಿಚ್ಚಿ ಬೇರಿಂಗ್ ತೆಗೆದು ನೋಡಿದೆವು. ಹೊಸ ಬೇರಿಂಗಿನ ಮೈತುಂಬ ಗೀರು. ಮೇಲಿನ ಪದರ ಸವೆದು ಕೆಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಮೆತ್ತನೆಯ ಲೋಹದೊಳಗೆ ಸಣ್ಣ ಸಣ್ಣ ಚೂರುಗಳು ಹೂತುಕೊಂಡಿದ್ದವು. ಆಯಿಲ್ ಕೂಲರ್ ಬಿಚ್ಚಿ ಸಾಲ್ವೆಂಟ್ ಹಾಕಿ ಅಲುಗಾಡಿಸಿದಾಗ ಮೂಲ ಸಿಕ್ಕಿತು. ಹಳೆ ಇಂಜಿನ್ ಸತ್ತಾಗ ಉದುರಿದ್ದ ಲೋಹದ ಪುಡಿ ಆ ಕೂಲರ್ ಒಳಗೇ ಕೂತಿತ್ತು. ಅದೇ ಕೂಲರನ್ನು ಹೊಸ ಇಂಜಿನ್ನಿಗೆ ಹಾಕಿದ್ದರು. ಕಟ್ಟಿದವರು, "ನನ್ನ ಇಂಜಿನ್ ಸರಿಯಾಗಿತ್ತು" ಅಂದರು. ಕೂರಿಸಿದವರು, "ನನಗೆ ಕೂರಿಸು ಅಂತ ಕೊಟ್ಟರು, ಕೂರಿಸಿದೆ" ಅಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಎರಡನೇ ಸಲ ದುಡ್ಡು ಕಟ್ಟಿದ್ದು ಮಾತ್ರ ಕಾರಿನ ಮಾಲೀಕರು. ನನಗೆ ಈಗಲೂ ಬೇಜಾರಾಗುವುದು ಅದಕ್ಕೇ.

ಅದಕ್ಕೇ ನನ್ನ ಸಲಹೆ ಇಷ್ಟು: ಎರಡೂ ಕೆಲಸಕ್ಕೆ ಒಬ್ಬರೇ ಜವಾಬ್ದಾರಿ ಹೊರಬೇಕು. ಎಲ್ಲವನ್ನೂ ಅವರ ಕೈಯೇ ಮಾಡಬೇಕು ಅಂತಲ್ಲ. ಬೋರ್ ಮಾಡುವುದು (ಸಿಲಿಂಡರಿನ ಒಳಗೋಡೆ ಕೊರೆಯುವುದು), ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಗ್ರೈಂಡಿಂಗ್, ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಮಟ್ಟ ಮಾಡುವುದು ಇವಕ್ಕೆಲ್ಲ ಬಹಳಷ್ಟು ಒಳ್ಳೆಯ ಗ್ಯಾರೇಜುಗಳು ಹೊರಗಿನ ಮೆಷಿನ್ ಶಾಪಿಗೇ ಕಳಿಸುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬಿಲ್ ಒಂದೇ ಇರಬೇಕು, ವಾರಂಟಿ ಒಂದೇ ಇರಬೇಕು, ತೊಂದರೆ ಬಂದರೆ ಕರೆಯುವುದಕ್ಕೆ ಹೆಸರೂ ಒಂದೇ ಇರಬೇಕು.

ಸರಿ, ಆ ಒಬ್ಬರನ್ನು ಹುಡುಕುವುದು ಹೇಗೆ? ಅವರು ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ಹಳೆ ಇಂಜಿನ್ ಯಾಕೆ ಹೋಯಿತು ಅಂತ ಕೇಳದೆ ರೇಟ್ ಹೇಳುವವರನ್ನು ನಾನು ಒಪ್ಪುವುದಿಲ್ಲ. ಕಾದು ಸೀಜ್ ಆಯಿತೇ? ಆಯಿಲ್ ಮುಗಿದಿತ್ತೇ? ಟೈಮಿಂಗ್ ಬೆಲ್ಟ್ ಹರಿಯಿತೇ? ನೀರು ಎಳೆದುಕೊಂಡಿತೇ? ಒಂದೊಂದಕ್ಕೂ ಕೆಲಸ ಬೇರೆ. ಕಾದು ಹೋಗಿದ್ದರೆ ರೇಡಿಯೇಟರ್, ಫ್ಯಾನ್, ಥರ್ಮೋಸ್ಟಾಟ್ ಎಲ್ಲ ಪರೀಕ್ಷೆ ಆಗಲೇಬೇಕು. ಬೇರಿಂಗ್ ಉದುರಿದ್ದರೆ ಆಯಿಲ್ ಕೂಲರ್ ಬದಲಾಗಬೇಕು. ಟರ್ಬೋ ಒಡೆದಿದ್ದರೆ ಅದರಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಒಳಗೂ ಚೂರುಗಳಿರಬಹುದು. ಇದನ್ನು ಬಿಟ್ಟರೆ ಹೊಸ ಇಂಜಿನ್ನಿಗೂ ಅದೇ ಗತಿ.

ಎರಡನೆಯದು ಅಳತೆ. ಬೋರ್ ದುಂಡಗಿದೆಯೇ ಅಂತ ಕಣ್ಣಲ್ಲಿ ಹೇಳಲಾಗುವುದಿಲ್ಲ. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಬೇಕು. ಒಂದೊಂದು ಕಡೆಯೂ ಇಂಜಿನ್ನಿನ ಉದ್ದಕ್ಕೆ ಮತ್ತು ಅಡ್ಡಕ್ಕೆ. ಒಂದು ಸಿಲಿಂಡರಿಗೆ ಆರು ಸಂಖ್ಯೆ, ನಾಲ್ಕು ಸಿಲಿಂಡರಿಗೆ 24. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಸಂದು ಎಷ್ಟೋ ಇಂಜಿನ್ನುಗಳಲ್ಲಿ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಕೆಲವೇ ಭಾಗ. ಅಷ್ಟು ಸಣ್ಣದು ಬೆರಳಿಗೆ ತಿಳಿಯುವುದಿಲ್ಲ, ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬೇಕೇ ಬೇಕು. "ಅಳತೆಯ ಶೀಟ್ ಕೊಡ್ತೀರಾ?" ಅಂತ ಕೇಳಿ. ಚೆನ್ನಾಗಿ ಕೆಲಸ ಮಾಡುವವರು ಖುಷಿಯಾಗಿ ಕೊಡುತ್ತಾರೆ, ಯಾಕೆಂದರೆ ನಾಳೆ ಅದು ಅವರಿಗೂ ಸಾಕ್ಷಿ. "ಅದೆಲ್ಲ ಯಾಕೆ, ನಂಬಿಕೆ ಇಡಿ" ಅಂದರೆ ಮುಂದಿನ ಬಾಗಿಲು ನೋಡಿ.

ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ನನ್ನ ಬ್ಲಾಕ್ ಯಾವ ಬಗೆಯದು? ಎರಕದ ಕಬ್ಬಿಣದ ಬೋರನ್ನು 0.25 ಅಥವಾ 0.50 ಮಿಲಿಮೀಟರ್ ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕುವುದು ಹಳೆಯ, ಗೊತ್ತಿರುವ ದಾರಿ. ಆದರೆ ಕೆಲವು ಅಲ್ಯೂಮಿನಿಯಂ ಬ್ಲಾಕುಗಳಲ್ಲಿ ಬೋರಿನ ಗೋಡೆಗೆ ನಿಕಾಸಿಲ್‌ನಂಥ ತೆಳು ಲೇಪನ ಇರುತ್ತದೆ. ಅದನ್ನು ಮಾಮೂಲಿ ರೀತಿ ಕೊರೆದರೆ ಲೇಪನವೇ ಹೋಗುತ್ತದೆ. ಅಂಥ ಇಂಜಿನ್ನಿಗೆ ಅದೇ ಇಂಜಿನ್ ಕಟ್ಟಿ ಕೈ ಪಳಗಿದವರೇ ಬೇಕು. ನಿಮ್ಮ ದಿನನಿತ್ಯದ ಮೆಕ್ಯಾನಿಕ್ ಎಷ್ಟೇ ಒಳ್ಳೆಯವರಾದರೂ ಇದು ಬೇರೆ ಕೆಲಸ.

ಹಾಗಾದರೆ ಎರಡು ಕಡೆ ಮಾಡಿಸಲೇಬಾರದೇ? ಮಾಡಿಸಬಹುದು. ಇಂಜಿನ್ ಎಷ್ಟು ಪೂರ್ತಿಯಾಗಿ ಬರುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ. ಶಾರ್ಟ್ ಬ್ಲಾಕ್ ಅಂದರೆ ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಅಷ್ಟೇ. ಹೆಡ್ ಕೂರಿಸುವುದು, ಗ್ಯಾಸ್ಕೆಟ್, ಟೈಮಿಂಗ್ ಹೊಂದಿಸುವುದು ಎಲ್ಲ ಕೂರಿಸುವವರ ಪಾಲು. ಅಲ್ಲಿಗೆ ಅವರೂ ಅರ್ಧ ಇಂಜಿನ್ ಕಟ್ಟುತ್ತಿದ್ದಾರೆ ಅಂತಾಯಿತು. ಗ್ಯಾಸ್ಕೆಟ್ ಸೋರಿದರೆ ತಪ್ಪು ಬ್ಲಾಕಿನದೋ ಹೆಡ್ಡಿನದೋ ಅನ್ನುವ ಜಗಳ ಮುಗಿಯುವುದಿಲ್ಲ. ಶಾರ್ಟ್ ಬ್ಲಾಕ್ ಆದರೆ ಒಬ್ಬರಿಗೇ ಕೊಡಿ. ಲಾಂಗ್ ಬ್ಲಾಕಿನಲ್ಲಿ ಹೆಡ್ ಕೂತೇ ಬರುತ್ತದೆ. ಅದನ್ನು ನಿಮ್ಮ ಕಾರಿನ ಗುಣ ಗೊತ್ತಿರುವ ಗ್ಯಾರೇಜಿನಲ್ಲಿ ಕೂರಿಸಿಕೊಳ್ಳಬಹುದು. ಒಂದು ಷರತ್ತು: ಕಟ್ಟಿದವರ ವಾರಂಟಿ ಕಾಗದವನ್ನು ಕೂರಿಸುವವರು ಕೆಲಸ ಶುರು ಮಾಡುವ ಮುಂಚೆ ಓದಿ, ಆಗಬಹುದು ಅಂತ ಬರೆದುಕೊಡಬೇಕು.

ಆ ಕಾಗದವನ್ನು ನೀವೂ ಓದಿ. ಎಷ್ಟೋ ವಾರಂಟಿಗಳು ಇಂಜಿನ್ ಬದಲಿಸಿ ಕೊಡುತ್ತವೆ, ಇಳಿಸಿ ಮತ್ತೆ ಕೂರಿಸುವ ಕೂಲಿ ಕೊಡುವುದಿಲ್ಲ. ಕಟ್ಟಿದ ಇಂಜಿನ್ನಿನ ಹೆಡ್ ಮೇಲೆ ನಾಣ್ಯದಂಥ ಸಣ್ಣ ಬಿಲ್ಲೆ ಅಂಟಿಸಿರುವುದನ್ನೂ ನೋಡಬಹುದು. ಅದರ ನಡುವಿನ ಲೋಹ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಕರಗಿತ್ತು ಅಂದರೆ ಇಂಜಿನ್ ಕಾದಿದೆ, ವಾರಂಟಿ ಇಲ್ಲ. ಕೂರಿಸುವವರು ಕೂಲೆಂಟ್ ತುಂಬಿ ಗಾಳಿ ಸರಿಯಾಗಿ ತೆಗೆಯದಿದ್ದರೆ ಮೊದಲ ದಿನವೇ ಇದು ಆಗಬಹುದು.

ಕೂರಿಸುವುದು ಸುಮ್ನೆ ಬೋಲ್ಟ್ ಬಿಗಿಯುವ ಕೆಲಸ ಅಂದುಕೊಳ್ಳಬೇಡಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರಿನಲ್ಲಿ ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಗೇರ್‌ಬಾಕ್ಸಿನ ಪಂಪಿಗೆ ಪೂರ್ತಿ ಕೂರಬೇಕು. ಕೂತಿದ್ದರೆ ಇಂಜಿನ್ನೂ ಗೇರ್‌ಬಾಕ್ಸೂ ಕೈಯಲ್ಲಿ ತಳ್ಳಿದರೇ ಒಂದಕ್ಕೊಂದು ಮಟ್ಟವಾಗಿ ಸೇರುತ್ತವೆ. ಸಂದು ಉಳಿಯಿತು ಅಂತ ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆಯುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗಲೂ ಹಾಗೇ. ಇಂಧನ ನಿಲ್ಲಿಸಿ, ಸ್ಟಾರ್ಟರಿನಲ್ಲಷ್ಟೇ ತಿರುಗಿಸಿ, ಆಯಿಲ್ ಪ್ರೆಷರ್ ಬಂದ ಮೇಲೆ ಇಂಜಿನ್ ಹೊತ್ತಿಸುವುದು ನಮ್ಮ ಪದ್ಧತಿ. "ಮೊದಲ ಸ್ಟಾರ್ಟ್ ಹೇಗೆ ಮಾಡ್ತೀರಿ?" ಅಂತ ಕೇಳಿದರೆ ಅನುಭವ ಇರುವವರು ಇದನ್ನೆಲ್ಲ ತಾವಾಗಿಯೇ ವಿವರಿಸುತ್ತಾರೆ.

ಕೊನೆಗೆ, ಮೊದಲ ಆಯಿಲ್ ಬದಲಾವಣೆಯನ್ನೂ ಅದೇ ಮಾತುಕತೆಯಲ್ಲಿ ಸೇರಿಸಿ. ಕಟ್ಟಿದ ಇಂಜಿನ್ನಿಗೆ 500ರಿಂದ 1000 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ರೂಢಿ. ಅದನ್ನು ಇಂಜಿನ್ ಕಟ್ಟಿದವರೇ ಮಾಡಲಿ. ಹಳೆ ಫಿಲ್ಟರನ್ನು ನಿಮ್ಮ ಎದುರಿಗೇ ಕತ್ತರಿಸಿ, ಒಳಗಿನ ಪೇಪರ್ ಬಿಡಿಸಿ ತೋರಿಸಲಿ. ಅದರಲ್ಲಿ ಹೊಳೆಯುವ ಚೂರು ಜಾಸ್ತಿ ಕಂಡರೆ, ವಾರಂಟಿ ಇರುವಾಗಲೇ ಇಂಜಿನ್ ಬಿಚ್ಚಿ ನೋಡಲು ಅವರಿಗೇ ಹೇಳಬಹುದು.