ತೆರಿಗೆಯೇ ಬೀಳದಿರುವಾಗ ಆದಾಯ ಕಡಿಮೆ ತೋರಿಸುವುದು ಯಾಕೆ?

"ಮೇಡಂ, ಮೂರು ವರ್ಷದಿಂದ ತಪ್ಪದೆ ರಿಟರ್ನ್ ಹಾಕಿದ್ದೀನಿ. ಆದ್ರೂ ಬ್ಯಾಂಕಲ್ಲಿ ಲೋನ್ ಆಗಲ್ಲ ಅಂತಿದ್ದಾರೆ." ಬೆಂಗಳೂರಲ್ಲಿ ಆಪ್‌ಗೆ ಯೆಲ್ಲೋ ಬೋರ್ಡ್ ಕಾರು ಓಡಿಸುವ ಒಬ್ಬರು ಹೀಗೆ ಹೇಳಿಕೊಂಡು ಬಂದರು. ಎರಡನೇ ಕಾರು ತಗೊಂಡು ತಮ್ಮನಿಗೆ ಕೊಡಬೇಕು ಅನ್ನುವುದು ಅವರ ಆಸೆ. ರಿಟರ್ನ್ ತೆಗೆದು ನೋಡಿದೆ. ವರ್ಷದ ಆದಾಯ 74,000 ರೂಪಾಯಿ. ತಿಂಗಳಿಗೆ ಆರು ಸಾವಿರ ಚಿಲ್ಲರೆ. ಈಗಿರುವ ಕಾರಿನ ಕಂತೇ 14,000! ಬ್ಯಾಂಕಿನವರು ಹೇಗೆ ನಂಬಬೇಕು?

ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿ ಅಂತ ಒಂದು ಸೆಕ್ಷನ್ ಇದೆ. ಖರ್ಚಿನ ಪುಸ್ತಕ ಇಡದೆ, ವರ್ಷದ ಒಟ್ಟು ವಹಿವಾಟಿನಲ್ಲಿ ಬ್ಯಾಂಕ್, ಯುಪಿಐ ಮೂಲಕ ಬಂದದ್ದರ ಶೇ. 6, ನಗದಾಗಿ ಬಂದದ್ದರ ಶೇ. 8 ಲಾಭ ಅಂತ ತೋರಿಸಿ ಐಟಿಆರ್-4 ಅನ್ನುವ ರಿಟರ್ನ್ ಫಾರ್ಮ್ ಹಾಕಬಹುದು. ಇವರದು ಒಟ್ಟು 11 ಲಕ್ಷ. ಆನ್‌ಲೈನ್ 7 ಲಕ್ಷಕ್ಕೆ 42,000, ನಗದು 4 ಲಕ್ಷಕ್ಕೆ 32,000, ಸೇರಿಸಿದರೆ ಅದೇ 74,000.

ಆದರೆ ಶೇ. 6 ಮತ್ತು 8 ಅನ್ನುವುದು ಕನಿಷ್ಠ ಮಿತಿ. ಅದಕ್ಕಿಂತ ಜಾಸ್ತಿ ಉಳಿದಿದ್ದರೆ ಜಾಸ್ತಿಯನ್ನೇ ತೋರಿಸಲು ಅದೇ ಸೆಕ್ಷನ್‌ನಲ್ಲಿ ದಾರಿ ಇದೆ. ಇದನ್ನು ಡ್ರೈವರ್‌ಗಳಿಗೆ ಯಾರೂ ಬಿಡಿಸಿ ಹೇಳುವುದೇ ಇಲ್ಲ, ನನಗೆ ಬೇಜಾರಾಗುವುದು ಅಲ್ಲೇ. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಆಪ್‌ನ ಕಮಿಷನ್ 2 ಲಕ್ಷ, ಸಿಎನ್‌ಜಿ 2.6 ಲಕ್ಷ, ಸರ್ವಿಸ್, ಟೈರು, ಇನ್ಶೂರೆನ್ಸ್, ಎಫ್‌ಸಿ ಎಲ್ಲ ಸೇರಿ 1 ಲಕ್ಷ, ಸಾಲದ ಬಡ್ಡಿ 60,000. (ಕಂತಿನಲ್ಲಿ ಬಡ್ಡಿಯಷ್ಟೇ ಖರ್ಚು, ಅಸಲು ಖರ್ಚಲ್ಲ.) ಕಾರಿನ ಸವಕಳಿ (ಹಳೆಯದಾದಂತೆ ಇಳಿಯುವ ಬೆಲೆ) ಕಳೆಯುವ ಮೊದಲು ಉಳಿದದ್ದು 4.8 ಲಕ್ಷ. ಇವರ ಕಾರು ಹಳೆಯದು, ಸವಕಳಿ ಕಳೆದರೂ 4 ಲಕ್ಷದ ಆಚೀಚೆ ನಿಲ್ಲುತ್ತದೆ.

ಇದಕ್ಕೆ ತೆರಿಗೆ ಎಷ್ಟು? ಸೊನ್ನೆ! 2025-26ರ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ, ಅದಕ್ಕೆ ಹಿಂದಿನ ಎರಡು ವರ್ಷವೂ 7 ಲಕ್ಷದವರೆಗೆ ಇತ್ತು. ಅಂದರೆ 74,000 ತೋರಿಸಿ ಅವರು ಒಂದು ರೂಪಾಯಿಯನ್ನೂ ಉಳಿಸಲಿಲ್ಲ, ಇರುವ ದುಡಿಮೆಯನ್ನು ಸುಮ್ನೆ ಕಾಗದದಲ್ಲಿ ಅಳಿಸಿ ಹಾಕಿದರು. ಸಂಬಳದವರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ನಿಮಗಿಲ್ಲ, ಅದನ್ನು ಸೇರಿಸಿಕೊಳ್ಳಬೇಡಿ.

ವಹಿವಾಟು ಅಂದರೆ ಯಾವುದು ಅನ್ನುವುದರಲ್ಲೂ ಬಹಳ ಜನ ಎಡವುತ್ತಾರೆ. ಆಪ್‌ನವರು ಕಮಿಷನ್ ಹಿಡಿದುಕೊಂಡು ಅಕೌಂಟಿಗೆ ಹಾಕಿದ್ದಲ್ಲ, ಪ್ರಯಾಣಿಕರು ಕೊಟ್ಟ ಪೂರ್ತಿ ಬಾಡಿಗೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರ್ಮ್ 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ತೆಗೆದು ನೋಡಿ, ಆಪ್ ಕಂಪನಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ಅಲ್ಲಿ ಪೂರ್ತಿ ಮೊತ್ತವೇ ಇರುತ್ತದೆ. ನೀವು ಅದಕ್ಕಿಂತ ಕಡಿಮೆ ಬರೆದರೆ ನೋಟಿಸ್ ಬಂದರೂ ಬರಬಹುದು. ಈ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ. 1ರ ಬದಲು ಶೇ. 0.1 ಆಗಿದೆ, 11 ಲಕ್ಷಕ್ಕೆ 1,100 ರೂಪಾಯಿ. ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ 5 ಲಕ್ಷದವರೆಗೆ ಹಿಡಿಯುವುದೇ ಇಲ್ಲ, ಎರಡೂ ಕೊಡದಿದ್ದರೆ ಶೇ. 5 ಹೋಗುತ್ತದೆ. ಹಿಡಿದದ್ದು ವಾಪಸ್ ಬೇಕು ಅಂದರೆ ರಿಟರ್ನ್ ಹಾಕಲೇಬೇಕು.

ಇನ್ನೊಂದು ವಿಷಯ. ಕ್ಯಾಬ್‌ಗೆ 44ಎಇ ಹಾಕಿಕೊಂಡು ಬಂದವರನ್ನೂ ನೋಡಿದ್ದೇನೆ. ಅದು ಸರಕು ಸಾಗಿಸುವ ಗಾಡಿಗಳಿಗೆ ಮಾತ್ರ. ಹಾಗೇ, 2026ರ ಏಪ್ರಿಲ್ 1ರಿಂದ ಆಚೆಗಿನ ಆದಾಯಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಸೆಕ್ಷನ್ ನಂಬರ್‌ಗಳು ಬೇರೆ. 2025-26ರ ಆದಾಯಕ್ಕೆ ಮಾತ್ರ ಹಳೇ ಕಾಯ್ದೆಯೇ.

ನಿಜವಾದ ಉಳಿತಾಯ ತೋರಿಸಬೇಕು ಅಂದರೆ ಲೆಕ್ಕ ಕೈಯಲ್ಲಿರಬೇಕು, ಅಲ್ವಾ? ಬಂಕ್‌ನಲ್ಲಿ ಬಿಲ್ ಕೊಟ್ಟ ಕೂಡಲೇ ಫೋಟೋ ತೆಗೆದು ನಿಮ್ಮದೇ ವಾಟ್ಸಾಪ್‌ಗೆ ಕಳಿಸಿಕೊಳ್ಳಿ. ರಾತ್ರಿ ಗಾಡಿ ನಿಲ್ಲಿಸುವ ಮೊದಲು ಅವತ್ತಿನ ನಗದು ಕಲೆಕ್ಷನ್ ಎಷ್ಟು ಅಂತ ಒಂದು ಸಾಲು ಅಲ್ಲೇ ಟೈಪ್ ಮಾಡಿ. ಮಾರ್ಚ್ ಮುಗಿದ ಮೇಲೆ ಆ ಫೋನ್ ಹಿಡಿದುಕೊಂಡು ರಿಟರ್ನ್ ಹಾಕುವವರ ಹತ್ತಿರ ಹೋಗಿ, ಮಿಕ್ಕಿದ್ದನ್ನು ಕೂಡಿ ಕಳೆಯುವುದು ಅವರ ಕೆಲಸ.