ಶಂಖ, ಚಕ್ರ ಮತ್ತು ಪೊಲೀಸ್ ಕಡತ

ಚಿಕ್ಕವರಿದ್ದಾಗ ಅಜ್ಜಿ ನಮ್ಮ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಕಿಟಕಿ ಬೆಳಕಿಗೆ ಒಡ್ಡಿ, ಎಷ್ಟು ಶಂಖ ಎಷ್ಟು ಚಕ್ರ ಅಂತ ಎಣಿಸುತ್ತಿದ್ದರು. ಬೆರಳ ತುದಿಯ ಗೆರೆಗಳು ಸುತ್ತುಸುತ್ತಾಗಿದ್ದರೆ ಚಕ್ರ, ಬಳಸಿ ಬಂದ ಕಡೆಗೇ ತಿರುಗಿದ್ದರೆ ಶಂಖ. ಚಕ್ರ ಜಾಸ್ತಿ ಇದ್ದಷ್ಟೂ ಅದೃಷ್ಟ ಅನ್ನೋದು ಅವರ ಲೆಕ್ಕ. ನನಗೆ ಸಿಕ್ಕಿದ್ದು ಮೂರೇ ಚಕ್ರ. ತಮ್ಮನಿಗೆ ಏಳು. ಅವತ್ತಿನ ಹೊಟ್ಟೆಉರಿ ಇನ್ನೂ ಪೂರ್ತಿ ಹೋಗಿಲ್ಲ.

ಸುಮಾರು 130 ವರ್ಷಗಳ ಹಿಂದೆ ಕಲ್ಕತ್ತದ ಒಂದು ಪೊಲೀಸ್ ಕಚೇರಿಯಲ್ಲೂ ಇದೇ ಎಣಿಕೆ ನಡೆಯುತ್ತಿತ್ತು. ಅಲ್ಲಿ ಕೂತಿದ್ದವರು ಹುಡುಕುತ್ತಿದ್ದದ್ದು ಅದೃಷ್ಟವಂತರನ್ನಲ್ಲ, ಕಳ್ಳರನ್ನು, ಅಷ್ಟೇ ವ್ಯತ್ಯಾಸ. ಬೆರಳಚ್ಚು ಅಂದ ಕೂಡಲೇ ನಮಗೆ ಲಂಡನ್ನು, ಸ್ಕಾಟ್‌ಲೆಂಡ್ ಯಾರ್ಡು, ಭೂತಗನ್ನಡಿ ಹಿಡಿದ ಪತ್ತೇದಾರ ನೆನಪಾಗುತ್ತಾರೆ. (ಕನ್ನಡದಲ್ಲಿ ಟೈಪಿಂಗಿಗೂ ಬೆರಳಚ್ಚು ಅಂತಲೇ ಹೇಳುವುದರಿಂದ ಕೆಲವರಿಗೆ ಹಳೇ ಟೈಪಿಂಗ್ ಕ್ಲಾಸೂ ನೆನಪಾಗಬಹುದು.) ಆದರೆ ಈ ಕಥೆಯ ಮುಖ್ಯ ಭಾಗ ನಡೆದಿದ್ದು ಬಂಗಾಳದಲ್ಲಿ. ಅದೂ ಶುರುವಾಗಿದ್ದು ಯಾವುದೋ ಕೊಲೆಯಿಂದಲ್ಲ, ರಸ್ತೆ ಕಾಂಟ್ರ್ಯಾಕ್ಟಿನಿಂದ.

1858ರ ಜುಲೈ. ಸಿಪಾಯಿ ದಂಗೆಯ ಬಿಸಿ ಇನ್ನೂ ಆರಿರಲಿಲ್ಲ. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ 25ರ ಹರೆಯದ ಬ್ರಿಟಿಷ್ ಅಧಿಕಾರಿ ರಸ್ತೆಗೆ ಬೇಕಾದ ಜಲ್ಲಿ ಪೂರೈಸಲು ರಾಜ್ಯಧರ ಕೋನಾಯ್ ಅನ್ನುವವನ ಜೊತೆ ಕರಾರು ಮಾಡಿಕೊಳ್ಳುತ್ತಿದ್ದ. ಕೋನಾಯ್ ತನ್ನ ಕೈಯಾರೆ ಕರಾರುಪತ್ರ ಬರೆದು, ಇನ್ನೇನು ಸಹಿ ಹಾಕಬೇಕು ಅನ್ನುವಾಗ ಹರ್ಷೆಲ್‌ಗೆ ಏನು ಹೊಳೆಯಿತೋ, ಕಚೇರಿ ಮೊಹರಿಗೆ ಬಳಸುತ್ತಿದ್ದ ಎಣ್ಣೆಮಸಿಯನ್ನು ಅವನ ಅಂಗೈಗೂ ಬೆರಳಿಗೂ ಬಳಿದು ಪತ್ರದ ಹಿಂಬದಿಗೆ ಒತ್ತಿಸಿಬಿಟ್ಟ. ಮುಂದೆ ಯಾವತ್ತಾದರೂ 'ಇದು ನನ್ನ ಸಹಿಯಲ್ಲ' ಅಂತ ಅವನು ಉಲ್ಟಾ ಹೊಡೆಯದಿರಲಿ, ಸ್ವಲ್ಪ ಹೆದರಲಿ ಅನ್ನೋದಷ್ಟೇ ಉದ್ದೇಶ. ಇದನ್ನು ಹರ್ಷೆಲ್ಲೇ ಆಮೇಲೆ ಬರೆದುಕೊಂಡಿದ್ದಾನೆ. ಅಂದರೆ ಆರಂಭದಲ್ಲಿ ಇದ್ದದ್ದು ವಿಜ್ಞಾನ ಅಲ್ಲ, ಅಪನಂಬಿಕೆ. ಓದುಬರಹ ಬಾರದವರನ್ನು ನಾವು ಹೆಬ್ಬೆಟ್ಟು ಗಿರಾಕಿ ಅಂತ ಆಡಿಕೊಳ್ಳುತ್ತೇವಲ್ಲ, ಈ ಕಥೆಯ ಮೊದಲ ಗಿರಾಕಿಗೆ ಬರೆಯೋಕೆ ಚೆನ್ನಾಗೇ ಬರುತ್ತಿತ್ತು.

ಹರ್ಷೆಲ್‌ಗೆ ಇದೊಂದು ಹುಚ್ಚಾಯಿತು. ಸಿಕ್ಕಸಿಕ್ಕವರ ಬೆರಳಚ್ಚು ತೆಗೆದುಕೊಂಡ. ತನ್ನದನ್ನೂ ವರ್ಷಗಟ್ಟಲೆ ಬಿಟ್ಟು ಬಿಟ್ಟು ತೆಗೆದು ನೋಡಿದ. ಚರ್ಮ ಸುಕ್ಕುಗಟ್ಟಿತು, ಗೆರೆಗಳು ಮಾತ್ರ ಹಾಗೇ ಇದ್ದವು. 1877ರಲ್ಲಿ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಪಿಂಚಣಿಗೆ, ನೋಂದಣಿ ಪತ್ರಗಳಿಗೆ, ಜೈಲಿಗೆ ಇದನ್ನೇ ಜಾರಿ ಮಾಡಿದ. ಸತ್ತವರ ಹೆಸರಲ್ಲಿ ಪಿಂಚಣಿ ಎತ್ತೋದು ಆಗಲೂ ಇತ್ತು! ಬೇರೆ ಕಡೆಗೂ ಇದನ್ನು ವಿಸ್ತರಿಸಿ ಅಂತ ಮೇಲಿನವರಿಗೆ ಪತ್ರ ಬರೆದ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಟೋಕಿಯೋದಲ್ಲಿದ್ದ ಹೆನ್ರಿ ಫೌಲ್ಡ್ಸ್ ಅನ್ನೋ ಸ್ಕಾಟಿಷ್ ಡಾಕ್ಟರ್ ಹಳೇ ಮಡಕೆ ಚೂರುಗಳ ಮೇಲೆ ಕುಂಬಾರರ ಬೆರಳಿನ ಗುರುತು ಕಂಡು ಅದರ ಹಿಂದೆ ಬಿದ್ದಿದ್ದ. ಅಪರಾಧ ನಡೆದ ಜಾಗದಲ್ಲಿ ಸಿಗುವ ಬೆರಳಚ್ಚಿನಿಂದ ಅಪರಾಧಿಯನ್ನು ಹಿಡಿಯಬಹುದು ಅಂತ 1880ರಲ್ಲಿ 'ನೇಚರ್' ಪತ್ರಿಕೆಗೆ ಬರೆದ. ಮುಂದಿನ ತಿಂಗಳೇ ಹರ್ಷೆಲ್ 'ನಾನು 20 ವರ್ಷದಿಂದ ಇದನ್ನೇ ಮಾಡ್ತಿದ್ದೀನಿ' ಅಂತ ಉತ್ತರ ಬರೆದ. ಯಾರು ಮೊದಲು ಅನ್ನೋ ಜಗಳ ದಶಕಗಳ ಕಾಲ ನಡೆಯಿತು. ಅದನ್ನು ಅವರಿಗೇ ಬಿಡೋಣ.

ನಿಜವಾದ ತಲೆನೋವು ಬೇರೆ ಕಡೆ ಇತ್ತು. ಗೆರೆಗಳು ಬದಲಾಗಲ್ಲ, ಸರಿ. ತಾಯಿಯ ಹೊಟ್ಟೆಯಲ್ಲಿ ಆರು ತಿಂಗಳು ತುಂಬುವಷ್ಟರಲ್ಲಿ ಮೂಡಿಬಿಡುತ್ತವೆ, ಅವಳಿಗಳಲ್ಲೂ ಬೇರೆ ಬೇರೆ ಇರುತ್ತವೆ, ಅದೂ ಸರಿ. ಆದರೆ ಕಚೇರಿಯಲ್ಲಿ ಒಂದು ಲಕ್ಷ ಕಾರ್ಡ್ ಬಿದ್ದಿದ್ದರೆ ಇವತ್ತು ಸಿಕ್ಕಿಬಿದ್ದವನ ಹಳೇ ಕಾರ್ಡನ್ನು ಹುಡುಕೋದು ಹೇಗೆ? ಹೆಸರು ನೋಡಿ ಹುಡುಕೋಣ ಅಂದರೆ ಅವನು ಸುಳ್ಳು ಹೆಸರು ಹೇಳಿರುತ್ತಾನೆ. ಕಂಪ್ಯೂಟರ್ ಇಲ್ಲ. ಒಂದೊಂದೇ ಕಾರ್ಡ್ ತಿರುವಿ ಹಾಕುತ್ತಾ ಕೂತರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಇದಕ್ಕೇ ಆಗ ಪ್ಯಾರಿಸ್ಸಿನ ಬರ್ಟಿಲಾನ್ ಪದ್ಧತಿ ಜನಪ್ರಿಯವಾಗಿತ್ತು: ತಲೆಯ ಅಗಲ, ನಡುಬೆರಳಿನ ಉದ್ದ, ಪಾದದ ಉದ್ದ ಹೀಗೆ ಮೈಯ ಅಳತೆಗಳನ್ನು ತೆಗೆದು ಅದರ ಪ್ರಕಾರ ಕಡತ ಜೋಡಿಸೋದು. ಬಂಗಾಳದಲ್ಲೂ ಅದನ್ನೇ ಬಳಸುತ್ತಿದ್ದರು. ಆದರೆ ಒಬ್ಬನೇ ಮನುಷ್ಯನನ್ನು ಇಬ್ಬರು ಅಳೆದರೆ ಎರಡು ಅಳತೆ ಬರುತ್ತಿತ್ತು. ಟೈಲರ್ ಬದಲಾದ್ರೆ ಪ್ಯಾಂಟಿನ ಅಳತೆಯೇ ಬದಲಾಗುತ್ತೆ, ಇನ್ನು ತಲೆಬುರುಡೆಯದ್ದು ಕೇಳಬೇಕಾ?

ಆಗ ಬಂಗಾಳದ ಪೊಲೀಸ್ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವನು ಎಡ್ವರ್ಡ್ ಹೆನ್ರಿ. ಅವನ ಕೈಕೆಳಗೆ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳು: ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹಕ್ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದವರು. ಗಂಟು ಬಿಡಿಸಿದ್ದು ಆ ಗಣಿತವೇ.

ಅದು ಹೇಗೆ ಅಂತ ನಿಮ್ಮ ಕೈ ಮುಂದಿಟ್ಟುಕೊಂಡೇ ನೋಡಿ. ಬಲ ಹೆಬ್ಬೆರಳಿಂದ ಶುರು ಮಾಡಿ ಬಲ ಕಿರುಬೆರಳಿನವರೆಗೆ 1ರಿಂದ 5. ಎಡ ಹೆಬ್ಬೆರಳಿಂದ ಎಡ ಕಿರುಬೆರಳಿನವರೆಗೆ 6ರಿಂದ 10. ಎರಡೆರಡು ಬೆರಳಿಗೆ ಒಂದೊಂದು ಬೆಲೆ: ಮೊದಲ ಜೋಡಿಗೆ 16, ಎರಡನೆಯದಕ್ಕೆ 8, ಆಮೇಲೆ 4, 2, 1. ಬೆರಳಲ್ಲಿ ಚಕ್ರ ಇದ್ದರೆ ಮಾತ್ರ ಆ ಬೆಲೆ ಸಿಗುತ್ತೆ. ಶಂಖ ಇದ್ದರೆ ಸೊನ್ನೆ. ಅಪರೂಪಕ್ಕೆ ಬಿಲ್ಲಿನ ಹಾಗೆ ಬಾಗಿದ ಗೆರೆಗಳೂ ಇರುತ್ತವೆ, ಅದಕ್ಕೂ ಸೊನ್ನೆ. (ನಮ್ಮ ಅಜ್ಜಿಯೂ ಅದನ್ನು ಶಂಖದ ಲೆಕ್ಕಕ್ಕೇ ಹಾಕುತ್ತಿದ್ದರು.) ಸರಿಸಂಖ್ಯೆ ಬೆರಳುಗಳ ಮೊತ್ತಕ್ಕೆ ಒಂದು ಸೇರಿಸಿ ಮೇಲೆ ಬರೆಯಿರಿ. ಬೆಸಸಂಖ್ಯೆ ಬೆರಳುಗಳ ಮೊತ್ತಕ್ಕೆ ಒಂದು ಸೇರಿಸಿ ಕೆಳಗೆ ಬರೆಯಿರಿ. ಮುಗೀತು.

ನನ್ನ ಮೂರು ಚಕ್ರ ಇರೋದು ಬಲ ಹೆಬ್ಬೆರಳು, ಬಲ ಉಂಗುರ ಬೆರಳು, ಎಡ ಹೆಬ್ಬೆರಳಲ್ಲಿ. ಉಂಗುರ ಬೆರಳು ನಾಲ್ಕನೆಯದು, ಅದಕ್ಕೆ 8. ಎಡ ಹೆಬ್ಬೆರಳು ಆರನೆಯದು, ಅದಕ್ಕೆ 4. ಎರಡೂ ಸರಿಸಂಖ್ಯೆ, ಒಂದು ಸೇರಿಸಿದರೆ 13. ಬಲ ಹೆಬ್ಬೆರಳು ಮೊದಲನೆಯದು, ಅದಕ್ಕೆ 16, ಒಂದು ಸೇರಿಸಿದರೆ 17. ಅಂದರೆ ನಾನು 13/17. ಮೇಲೆ 1ರಿಂದ 32, ಕೆಳಗೆ 1ರಿಂದ 32, ಒಟ್ಟು 1024 ಗೂಡುಗಳು. ನಾನು ಯಾವ ಸುಳ್ಳು ಹೆಸರು ಹೇಳಿದರೂ ಗುಮಾಸ್ತ ನೇರ 13/17ರ ಗೂಡಿಗೆ ಹೋಗುತ್ತಾನೆ. ಅಲ್ಲಿರೋ ಕಾರ್ಡುಗಳನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿಟ್ಟಿರುತ್ತಾರೆ. ಗೆರೆ ಎಲ್ಲಿ ಕವಲೊಡೆಯಿತು, ಎಲ್ಲಿ ನಿಂತಿತು ಅಂತ ಭೂತಗನ್ನಡಿಯಲ್ಲಿ ನೋಡೋದು ಕೊನೆಯ ಕೆಲಸ.

1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಲೋಕದಲ್ಲೇ ಮೊದಲ ಬೆರಳಚ್ಚು ಬ್ಯೂರೋ ಅಂತ ಹೇಳೋದು ಇದನ್ನೇ. ಸ್ಕಾಟ್‌ಲೆಂಡ್ ಯಾರ್ಡಿನಲ್ಲಿ ಶುರುವಾಗಿದ್ದು 1901ರಲ್ಲಿ, ಅದೂ ಹೆನ್ರಿ ಲಂಡನ್ನಿಗೆ ಹೋದ ಮೇಲೆ. ಅವನು ಅಲ್ಲಿ ಪೊಲೀಸ್ ಕಮಿಷನರ್ ಆದ, ಸರ್ ಆದ. ಪದ್ಧತಿಗೆ ಹೆನ್ರಿ ಪದ್ಧತಿ ಅಂತಲೇ ಹೆಸರು ಉಳಿಯಿತು. ಹಕ್ ಅವರಿಗೆ ಖಾನ್ ಬಹದ್ದೂರ್, ಬೋಸ್ ಅವರಿಗೆ ರಾಯ್ ಬಹದ್ದೂರ್ ಬಿರುದು, ತಲಾ 5,000 ರೂಪಾಯಿ ಗೌರವಧನ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಕಡತಕ್ಕೆ ಸಹಿ ಹಾಕಿದವರ ಹೆಸರು ಉಳಿಯೋದು, ಕಡತ ಬರೆದವರದ್ದು ಅಳಿಯೋದು ಯಾವ ಕಚೇರಿಗೂ ಹೊಸದಲ್ಲ ಬಿಡಿ.

ಬ್ಯೂರೋ ಶುರುವಾದ ಮರುವರ್ಷವೇ, 1898ರಲ್ಲಿ, ಜಲ್ಪಾಯ್‌ಗುರಿಯ ಚಹಾ ತೋಟದ ಮ್ಯಾನೇಜರ್ ಒಬ್ಬ ಕತ್ತು ಸೀಳಿದ ಸ್ಥಿತಿಯಲ್ಲಿ ಸಿಕ್ಕ. ಹಣ ಕಳುವಾಗಿತ್ತು. ಅವನ ಕಾಗದಪತ್ರಗಳ ನಡುವೆ ಒಂದು ಬಂಗಾಳಿ ಪಂಚಾಂಗ, ಅದರ ನೀಲಿ ರಟ್ಟಿನ ಮೇಲೆ ಕಂದು ಬಣ್ಣದ ಮಸುಕು ಕಲೆ. ಅದು ಯಾರದೋ ಬಲ ಹೆಬ್ಬೆರಳಿನ ಗುರುತು ಅಂತ ಬ್ಯೂರೋದವರು ಹೇಳಿದರು. ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದು, ಕಳ್ಳತನ ಮಾಡಿ ಜೈಲಿಗೆ ಹೋಗಿಬಂದಿದ್ದ ಕಂಗಾಲಿ ಚರಣ್ ಅನ್ನುವವನ ಕಾರ್ಡಿಗೆ ಅದು ತಾಳೆಯಾಯಿತು. ಆರು ವರ್ಷ ಮುಂಚೆ ಅರ್ಜೆಂಟೀನಾದಲ್ಲಿ ಬಾಗಿಲ ಚೌಕಟ್ಟಿನ ಮೇಲಿದ್ದ ರಕ್ತದ ಗುರುತಿನಿಂದ, ತನ್ನ ಇಬ್ಬರು ಮಕ್ಕಳನ್ನು ಕೊಂದ ತಾಯಿ ಸಿಕ್ಕಿಬಿದ್ದಿದ್ದಳು, ಪೊಲೀಸರು ಆ ಮರದ ತುಂಡನ್ನೇ ಕೊಯ್ದು ಒಯ್ದಿದ್ದರು. ಅಲ್ಲಿ ಕೊಲೆಗೇ ಶಿಕ್ಷೆಯಾಯಿತು. ಇಲ್ಲಿ ಆಗಿದ್ದು ನನಗೆ ಇನ್ನೂ ಕುತೂಹಲದ ವಿಷಯ. ಕೋರ್ಟು ಚರಣ್‌ಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆ ಆರೋಪದಿಂದ ಬಿಟ್ಟಿತು. ಹೆಬ್ಬೆಟ್ಟು ಪಂಚಾಂಗ ಮುಟ್ಟಿದೆ, ನಿಜ. ಚಾಕು ಹಿಡಿದಿದ್ದನ್ನು ಯಾರು ನೋಡಿದರು? ಬೆರಳಚ್ಚು ಹೇಳೋದು 'ಈ ಬೆರಳು ಇಲ್ಲಿ ತಾಗಿದೆ' ಅಂತ ಮಾತ್ರ. ಯಾವಾಗ, ಯಾಕೆ ಅನ್ನೋದನ್ನು ಬೇರೆ ಸಾಕ್ಷಿಯಿಂದ ಹೊಂದಿಸಬೇಕು. ಇವತ್ತು ಟಿವಿಯಲ್ಲಿ 'ಬೆರಳಚ್ಚು ಸಿಕ್ತು, ಕೇಸ್ ಮುಗೀತು' ಅಂತ ಕೂಗುವವರಿಗಿಂತ ಆ ಕೋರ್ಟೇ ವಾಸಿ.

1899ರಲ್ಲಿ ಸಾಕ್ಷ್ಯ ಕಾಯ್ದೆಯ 45ನೇ ಸೆಕ್ಷನ್‌ಗೆ ಬೆರಳಚ್ಚನ್ನೂ ಸೇರಿಸಿದರು, ತಜ್ಞರ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ಜಾಗ ಸಿಕ್ಕಿತು. ಆಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಅನ್ನುತ್ತೆ ಸಂವಿಧಾನದ 20(3)ನೇ ವಿಧಿ. ಹಾಗಾದರೆ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಳ್ಳೋದು ಬಲವಂತ ಅಲ್ವಾ? 1961ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಅಲ್ಲ ಅಂದಿತು. ಬೆರಳ ಗೆರೆ ಮನಸ್ಸಿನೊಳಗಿನ ಮಾತಲ್ಲ, ಮೈಮೇಲಿನ ಗುರುತು. ಮುಂದೆ ಮಂಪರು ಪರೀಕ್ಷೆ ಬಂದಾಗ ಇದೇ ವ್ಯತ್ಯಾಸ ಕೆಲಸಕ್ಕೆ ಬಂತು. ಒಂದು ಕಾಲಕ್ಕೆ ಮಂಪರು ಪರೀಕ್ಷೆ ಅಂದರೆ ಬೆಂಗಳೂರು ಅನ್ನೋ ಹಾಗಿತ್ತು, ಛಾಪಾಕಾಗದ ಹಗರಣದ ಆರೋಪಿಯೂ ಇಲ್ಲೇ ಸೂಜಿ ಚುಚ್ಚಿಸಿಕೊಂಡಿದ್ದ. 2010ರಲ್ಲಿ 'ಸೆಲ್ವಿ ಮತ್ತು ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಅದನ್ನು ಮಾಡುವ ಹಾಗಿಲ್ಲ ಅಂತ ಹೇಳಿತು. ಬೆರಳನ್ನು ಕೇಳಬಹುದು, ತಲೆಯೊಳಗೆ ಕೈ ಹಾಕುವ ಹಾಗಿಲ್ಲ.

ಬೆರಳನ್ನಾದರೂ ಸರಿಯಾಗಿ ಓದುತ್ತೇವಾ? 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಕೇಸು ನೋಡಿ. ಡಿಟೊನೇಟರ್‌ಗಳಿದ್ದ ಚೀಲದ ಮೇಲೆ ಸಿಕ್ಕ ಗುರುತು ಅಮೆರಿಕದ ಒರೆಗಾನ್‌ನ ಒಬ್ಬ ವಕೀಲನದ್ದು ಅಂತ ಎಫ್‌ಬಿಐ ತಜ್ಞರು ಖಡಾಖಂಡಿತ ಹೇಳಿದರು. ಅವನು ಸ್ಪೇನಿಗೆ ಹೋದ ದಾಖಲೆಯೇ ಇರಲಿಲ್ಲ. ಸ್ಪೇನ್ ಪೊಲೀಸರು 'ಇದು ಹೊಂದಲ್ಲ' ಅಂತ ಹೇಳಿದ್ದರೂ ಅವನನ್ನು ಎರಡು ವಾರ ಒಳಗೆ ಹಾಕಿದ್ದರು. ಕೊನೆಗೆ ಗುರುತು ಅಲ್ಜೀರಿಯಾದ ಒಬ್ಬನದ್ದು ಅಂತ ಗೊತ್ತಾಯಿತು, ಅಮೆರಿಕ ಸರ್ಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಕೊಟ್ಟಿತು. ಇಬ್ಬರ ಗೆರೆಗಳೂ ಒಂದೇ ಆಗಿದ್ದವು ಅಂತಲ್ಲ. ಮಸುಕಾದ ಅರ್ಧ ಗುರುತನ್ನು ಕಂಪ್ಯೂಟರ್ ಕೊಟ್ಟ ಪಟ್ಟಿಯ ಜೊತೆ ಹೋಲಿಸಿದ ಮೊದಲ ತಜ್ಞ ಎಡವಿದ, ಉಳಿದವರು ಹೌದೌದು ಅಂದರು. ನಮ್ಮಲ್ಲೂ ಈಗ 2022ರಿಂದ ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ಕಡತ ಇದೆ, ನಾಫಿಸ್ ಅಂತ. ಅದೇ ವರ್ಷದ ಹೊಸ ಕಾಯ್ದೆಯ ಪ್ರಕಾರ ಬೆರಳಚ್ಚಿನ ಜೊತೆ ಕಣ್ಣಿನ ಗುರುತನ್ನೂ ತೆಗೆದು 75 ವರ್ಷ ಇಟ್ಟುಕೊಳ್ಳಬಹುದು. ಕಡತ ದೊಡ್ಡದಾದಷ್ಟೂ ಒಂದರ ಹಾಗೇ ಕಾಣುವ ಇನ್ನೊಂದು ಸಿಗೋದೂ ಜಾಸ್ತಿ, ಅದನ್ನು ಬೇರೆ ಮಾಡೋಕೆ ಪಳಗಿದ ಕಣ್ಣೇ ಬೇಕು.

ಅದಕ್ಕೂ ಮುಂಚೆ ಗುರುತು ಉಳಿದಿರಬೇಕಲ್ಲ. 2008ರ ನೋಯ್ಡಾ ಜೋಡಿ ಕೊಲೆಯಲ್ಲಿ ಮನೆಯೊಳಗೆ ನೆಂಟರು, ನೆರೆಯವರು, ಮಾಧ್ಯಮದವರು ಓಡಾಡಿದ್ದರು. ಮಹಡಿಯ ಬಾಗಿಲಿಗೆ ಬೀಗ ಇತ್ತು ಅಂತ ಮೊದಲ ದಿನ ಅದನ್ನು ತೆಗೆಸಲೇ ಇಲ್ಲ. ಎರಡನೇ ಹೆಣ ಸಿಕ್ಕಿದ್ದು ಮರುದಿನ, ಅಲ್ಲೇ. 2024ರ ಜುಲೈ 1ರಿಂದ ಬಂದಿರುವ ಹೊಸ ಕಾನೂನು, ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಹೋಗಲೇಬೇಕು, ಸಾಕ್ಷ್ಯ ಸಂಗ್ರಹಿಸೋದನ್ನು ವಿಡಿಯೋ ಮಾಡಬೇಕು ಅನ್ನುತ್ತೆ. ಇದಕ್ಕೆ ತಯಾರಾಗೋಕೆ ರಾಜ್ಯಗಳಿಗೆ ಐದು ವರ್ಷ ಸಮಯ ಇದೆ. ಕರ್ನಾಟಕದಲ್ಲಿ ಅಪರಾಧ ನಡೆದ ಜಾಗದ ಕೆಲಸಕ್ಕೆ ಅಂತಲೇ ಸೋಕೋ (ಸೀನ್ ಆಫ್ ಕ್ರೈಮ್ ಆಫೀಸರ್) ಅಂತ ಬೇರೆ ಅಧಿಕಾರಿಗಳನ್ನು ತೆಗೆದುಕೊಂಡಿದ್ದಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಕಳ್ಳತನ ಆದಾಗ ಈ ಕೆಲಸವನ್ನು ಹತ್ತಿರದಿಂದ ನೋಡಿದೆ. ಬೆರಳಚ್ಚು ತಜ್ಞರು ಬರುವಷ್ಟರಲ್ಲಿ ಮಧ್ಯಾಹ್ನ. ಮನೆಯಾಕೆ ಪಾಪ, ಪೊಲೀಸರು ಬರ್ತಾರೆ ಅಂತ ನೆಲ ಒರೆಸಿ ಸಾಮಾನು ಜೋಡಿಸಿಟ್ಟಿದ್ದರು. ಬಂದವರು ಏನೂ ಹೇಳಲಿಲ್ಲ. ಬೀರುವಿನ ಕನ್ನಡಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿದರು, ಮೆತ್ತನೆ ಬ್ರಷ್ಷಿನ ತುದಿಗೆ ಕಪ್ಪು ಪುಡಿ ತಾಗಿಸಿ ರಂಗೋಲಿ ಮೇಲಿನ ಧೂಳು ಊದುವಷ್ಟು ಹಗುರವಾಗಿ ಆಡಿಸಿದರು. ಬೆರಳಿನ ಬೆವರು, ಎಣ್ಣೆ ಅಂಟಿದ ಕಡೆ ಮಾತ್ರ ಪುಡಿ ನಿಂತು, ಏನೂ ಇಲ್ಲದ ಗಾಜಿನ ಮೇಲೆ ಗೆರೆಗೆರೆಯಾಗಿ ಒಂದು ಬೆರಳು ಎದ್ದು ಬಂತು. ಫೋಟೋ ತೆಗೆದು, ಟೇಪು ಅಂಟಿಸಿ, ಮೆಲ್ಲಗೆ ಎತ್ತಿ, ಬಿಳಿ ಕಾರ್ಡಿಗೆ ಹಚ್ಚಿದರು. ಹರಿದು ಬಿದ್ದಿದ್ದ ಬ್ಯಾಂಕ್ ಲಕೋಟೆಗೆ ಪುಡಿ ಹಾಕಲಿಲ್ಲ, ಕವರಲ್ಲಿಟ್ಟು ಲ್ಯಾಬಿಗೆ ಒಯ್ದರು. ಕಾಗದ ಬೆವರನ್ನು ಹೀರಿಕೊಂಡುಬಿಡುತ್ತೆ, ಅದಕ್ಕೆ ನಿನ್‌ಹೈಡ್ರಿನ್ ಅನ್ನೋ ರಾಸಾಯನಿಕ ಹಾಕಿದರೆ ಗುರುತು ನೇರಳೆ ಬಣ್ಣದಲ್ಲಿ ಮೂಡುತ್ತೆ. ಆಮೇಲೆ ಮನೆಯವರದ್ದು, ಬೆಳಗಿನಿಂದ ಒಳಗೆ ಬಂದುಹೋದವರದ್ದು ಎಲ್ಲರದ್ದೂ ಹತ್ತು ಬೆರಳು ತೆಗೆದುಕೊಂಡರು, ಅವರನ್ನು ಲೆಕ್ಕದಿಂದ ಬಿಡೋಕೆ.

ಹದಿನೈದು ದಿನ ಬಿಟ್ಟು ಗೊತ್ತಾಯಿತು. ಕನ್ನಡಿ ಮೇಲೆ ಚೆನ್ನಾಗಿ ಮೂಡಿದ್ದು ಮೂರು ಗುರುತು. ಎರಡು ಮನೆಯಾಕೆಯದ್ದು. ಮೂರನೆಯದು, ಅವತ್ತು ಎಲ್ಲರಿಗಿಂತ ಮೊದಲು ಓಡಿಬಂದು ಬೀರುವಿಗೆ ಕೈಯೂರಿ ನಿಂತು 'ಯಾರೂ ಏನೂ ಮುಟ್ಬೇಡಿ' ಅಂತ ಕೂಗಿದ ಪಕ್ಕದ್ಮನೆ ಮಾವನದ್ದು.